ಬೊಟುಲಿನಂ ಚುಚ್ಚುಮದ್ದು: ಮುಖದ ಸುಕ್ಕುಗಳ ಚಿಕಿತ್ಸೆ

ಹುಬ್ಬುಗಳ ನಡುವೆ, ಹಣೆಯ ಮೇಲೆ ಮತ್ತು ಕಣ್ಣಿನ ಹೊರಗೊನೆಯಲ್ಲಿ ಸ್ನಾಯುಗಳ ಆಕುಂಚನದಿಂದ ಮೂಡುವ ಗೆರೆಗಳನ್ನು ಕೆಲವು ತಿಂಗಳ ಮಟ್ಟಿಗೆ ಸಡಿಲಿಸುವುದಕ್ಕಾಗಿ, ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಸೂಕ್ಷ್ಮಜೀವಿಯಿಂದ ಜನ್ಯವಾದ ನರವಿಷವನ್ನು ಅತ್ಯಲ್ಪ ಪರಿಮಾಣದಲ್ಲಿ ಆಯಾ ಸ್ನಾಯುವಿನೊಳಕ್ಕೆ ಸೇರಿಸುವ ಚಿಕಿತ್ಸೆ. ಜನರ ಬಾಯಲ್ಲಿ ಇದಕ್ಕೆಲ್ಲ ಬೊಟಾಕ್ಸ್ ಎಂಬ ಒಂದೇ ಹೆಸರು ರೂಢಿಯಾಗಿದೆಯಾದರೂ ಅದು ಒಂದು ಕಂಪನಿಯ ತಯಾರಿಕೆಯ ಹೆಸರು ಮಾತ್ರ. ಅದೇ ವಿಷದಿಂದ ಸಿದ್ಧವಾದ ಡಿಸ್ಪೋರ್ಟ್, ಜಿಯೋಮಿನ್ ಮುಂತಾದ ಇತರ ಔಷಧಗಳೂ ಬಳಕೆಯಲ್ಲಿವೆ. ಮುಖಕ್ಕೆ ಹಚ್ಚುವ ಲೇಪಗಳ ಸಾಲಿಗೆ ಇದನ್ನೂ ಸೇರಿಸಿ, ಬ್ಯೂಟಿ ಪಾರ್ಲರಿನ ಫೇಶಿಯಲ್ಲಿನ ವಿಷಯದಲ್ಲಿ ಆಡುವಷ್ಟೇ ಹಗುರವಾಗಿ ಮಾತನಾಡುವ ವಾಡಿಕೆ ಈಚೆಗೆ ಬೆಳೆದಿದೆ. ವಾಸ್ತವದಲ್ಲಿ, ಮನುಷ್ಯನಿಗೆ ಗೊತ್ತಿರುವ ವಿಷಗಳಲ್ಲೆಲ್ಲ ಅತ್ಯುಗ್ರವೆಂದು ಗಣಿಸಲ್ಪಟ್ಟ ವಸ್ತುವೊಂದನ್ನು ಅಳತೆಯ ಕಟ್ಟಿಗೆ ಒಳಪಡಿಸಿ ಬಳಸುವ ಔಷಧವಿದು. ಚುಚ್ಚಿಸಿಕೊಳ್ಳುವವರು ಮೊದಲೇ ತಿಳಿದಿರಬೇಕಾದ ಸಂಗತಿಗಳೆಲ್ಲವೂ ಈ ಒಂದು ಮಾತಿನಿಂದಲೇ ಹೊರಡುತ್ತವೆ: ಯಾವ ಗುಣದಿಂದ ಅದು ವಿಷವಾಗಿದೆಯೋ ಆ ಗುಣದಿಂದಲೇ ಅದು ಔಷಧವೂ ಆಗಿದೆ, ಎರಡನ್ನೂ ಬೇರ್ಪಡಿಸುವುದು ಪ್ರಮಾಣ, ಸ್ಥಾನ ಮತ್ತು ಚುಚ್ಚುವ ಕೈ.

ಈ ವಿಷದ ಇತಿಹಾಸ ಕೆಟ್ಟ ಮಾಂಸದಿಂದ ಪ್ರಾರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ, ಸರಿಯಾಗಿ ಬೇಯಿಸದೆ ಹೊಗೆಯಲ್ಲಿ ಒಣಗಿಸಿಟ್ಟ ಸಾಸೇಜನ್ನು ತಿಂದವರು ರೆಪ್ಪೆ ಜೋತುಬಿದ್ದು, ದೃಷ್ಟಿ ಮಂಜಾಗಿ, ನುಂಗಲಾರದೆ, ಕಟ್ಟಕಡೆಗೆ ಉಸಿರು ಕಟ್ಟಿ ಸಾಯುತ್ತಿದ್ದ ಪ್ರಸಂಗಗಳು ಮೇಲಿಂದ ಮೇಲೆ ವರದಿಯಾಗುತ್ತಿದ್ದವು. ವೈದ್ಯನೂ ಕವಿಯೂ ಆಗಿದ್ದ ಜಸ್ಟಿನಸ್ ಕೆರ್ನರ್ 1820 ಮತ್ತು 1822ರಲ್ಲಿ ಪ್ರಕಟಿಸಿದ ಪ್ರಬಂಧಗಳಲ್ಲಿ ಇಂಥ ರೋಗಿಗಳ ಲಕ್ಷಣಗಳನ್ನು ಇಂದಿನ ವೈದ್ಯರೂ ತಲೆದೂಗುವಷ್ಟು ನಿಷ್ಕೃಷ್ಟವಾಗಿ ವರ್ಣಿಸಿದನು. ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿದ್ದು ಸಾಲದೆಂಬಂತೆ ತಾನೂ ಆ ವಿಷದ ಸತ್ತ್ವವನ್ನು ಕಿಂಚಿತ್ತು ಸೇವಿಸಿ ನೋಡಿ, ಅದು ರೋಗಿಯ ಬುದ್ಧಿಯನ್ನು ಮುಟ್ಟದೆ ನರಗಳಿಂದ ಹೊರಡುವ ಪ್ರೇರಣೆಯನ್ನು ಮಾತ್ರ ತಡೆಯುವುದೆಂದು ಕಂಡುಕೊಂಡನು. ನರಗಳ ಅತಿಚೇಷ್ಟೆಯಿಂದ ಹುಟ್ಟುವ ವ್ಯಾಧಿಗಳಿಗೆ ಇದೇ ವಿಷವನ್ನು ಸ್ವಲ್ಪವೇ ಕೊಟ್ಟರೆ ಉಪಶಮನವಾದೀತೆಂದೂ ಊಹಿಸಿದನು. ಆ ಊಹೆ ಫಲಿಸುವುದಕ್ಕೆ ಒಂದೂವರೆ ಶತಮಾನಕ್ಕೂ ಮಿಕ್ಕಿದ ಕಾಲ ಹಿಡಿಯಿತು.

1895ರ ದಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಎಲ್ಜೆಲ್ ಎಂಬ ಹಳ್ಳಿಯಲ್ಲಿ, ಶವಸಂಸ್ಕಾರವೊಂದಕ್ಕೆ ವಾದ್ಯ ನುಡಿಸಲು ಬಂದಿದ್ದ ಮೇಳದವರು ಉಪ್ಪಿನಲ್ಲಿ ಊರಿಸಿಟ್ಟಿದ್ದ ಹಂದಿಯ ಮಾಂಸವನ್ನು ಉಂಡು ಕಾಯಿಲೆ ಬಿದ್ದರು. ಅವರಲ್ಲಿ ಮೂವರು ತೀರಿಕೊಂಡರು. ಘೆಂಟ್ ವಿಶ್ವವಿದ್ಯಾನಿಲಯದ ಎಮಿಲ್ ವಾನ್ ಎರ್ಮೆಂಗೆಮ್ ಆ ಮಾಂಸವನ್ನೂ ಮೃತರ ಅವಯವಗಳನ್ನೂ ಪರೀಕ್ಷಿಸಿ, ಪ್ರಾಣವಾಯುವಿಲ್ಲದೆಡೆಯಲ್ಲಿ ಮಾತ್ರ ಬೆಳೆಯುವ ಬ್ಯಾಕ್ಟೀರಿಯವೊಂದು ಈ ವಿಷದ ಜನಕವೆಂಬುದನ್ನು ಸ್ಥಾಪಿಸಿದನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದನ್ನು ಯುದ್ಧಾಸ್ತ್ರವಾಗಿ ಬಳಸಬಹುದೇ ಎಂಬ ಶಂಕೆಯಿಂದ ಅಮೆರಿಕದ ಸೈನ್ಯ ಕೈಗೊಂಡ ಸಂಶೋಧನೆಯ ಉಪಫಲವಾಗಿ, ಎ ಪ್ರಭೇದದ ವಿಷ 1946ರಲ್ಲಿ ಸ್ಫಟಿಕರೂಪದಲ್ಲಿ ಕೈಗೆ ಸಿಕ್ಕಿತು. 1949ರಲ್ಲಿ ಬರ್ಗೆನ್ ಮತ್ತು ಸಂಗಡಿಗರು, ನರ ಮತ್ತು ಸ್ನಾಯು ಸಂಧಿಸುವೆಡೆಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯದ ವಿಸರ್ಜನೆಯನ್ನು ಅದು ತಡೆಯುತ್ತದೆಂದು ತೋರಿಸಿದರು.

ಚಿಕಿತ್ಸೆಯ ದಾರಿಯನ್ನು ತೆರೆದವರು ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯರಾದ ಆಲನ್ ಸ್ಕಾಟ್. ಮೆಳ್ಳೆಗಣ್ಣನ್ನು ಶಸ್ತ್ರವಿಲ್ಲದೆ ಸರಿಪಡಿಸುವ ಹಂಬಲದಿಂದ, ಕಣ್ಣನ್ನು ಒಂದು ಕಡೆಗೆ ಎಳೆಯುವ ಸ್ನಾಯುವನ್ನು ದುರ್ಬಲಗೊಳಿಸಬಲ್ಲ ದ್ರವ್ಯಗಳನ್ನು ಅರಸುತ್ತ, ಅವರು 1973ರಲ್ಲಿ ಕೋತಿಗಳಲ್ಲಿಯೂ ತರುವಾಯ ಮನುಷ್ಯರಲ್ಲಿಯೂ ಈ ವಿಷವನ್ನು ಪ್ರಯೋಗಿಸಿ, 1980ರಲ್ಲಿ ಮಾನವ ಚಿಕಿತ್ಸೆಯ ಫಲಿತಾಂಶಗಳನ್ನು ಪ್ರಕಟಿಸಿದರು. 1989ರ ದಿಸೆಂಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು ಮೆಳ್ಳೆಗಣ್ಣಿಗೂ ರೆಪ್ಪೆಗಳ ಅನೈಚ್ಛಿಕ ಸೆಡೆತಕ್ಕೂ ಅಂಗೀಕರಿಸಿತು. ಸುಕ್ಕಿನ ಸಂಗತಿ ಆಕಸ್ಮಿಕವಾಗಿ ಬಂದದ್ದು. ಕೆನಡದ ವ್ಯಾಂಕೂವರ್ ನಗರದಲ್ಲಿ ನೇತ್ರವೈದ್ಯೆಯಾಗಿದ್ದ ಜೀನ್ ಕರುಥರ್ಸ್ ಅವರು ರೆಪ್ಪೆಯ ಸೆಡೆತಕ್ಕೆ ಈ ಚುಚ್ಚುಮದ್ದನ್ನು ಕೊಡುತ್ತಿದ್ದಾಗ, ಹುಬ್ಬಿನ ನಡುವೆಯೂ ಚುಚ್ಚಬೇಕೆಂದು ರೋಗಿಯೊಬ್ಬರು ಒತ್ತಾಯಿಸಿದರಂತೆ. ಅಲ್ಲಿ ಚುಚ್ಚಿದಾಗಲೆಲ್ಲ ತಮ್ಮ ಮುಖಕ್ಕೆ ಒಂದು ಬಗೆಯ ಪ್ರಸನ್ನತೆ ಬರುವುದೆಂಬುದು ಆಕೆಯ ಅನುಭವವಾಗಿತ್ತು. ಜೀನ್ ಅದನ್ನು ಚರ್ಮವೈದ್ಯರಾದ ತಮ್ಮ ಪತಿ ಆಲಸ್ಟೇರ್ ಅವರಿಗೆ ತಿಳಿಸಿದರು. ದಂಪತಿಗಳು ಪರೀಕ್ಷಿಸಿ 1992ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 2002ರ ಏಪ್ರಿಲಿನಲ್ಲಿ ಹುಬ್ಬಿನ ನಡುವಣ ಗೆರೆಗಳಿಗೂ, 2013ರಲ್ಲಿ ಕಣ್ಣಂಚಿನ ಗೆರೆಗಳಿಗೂ, 2017ರಲ್ಲಿ ಹಣೆಯ ಅಡ್ಡಗೆರೆಗಳಿಗೂ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸೌಂದರ್ಯಾರ್ಥವಾದ ಈ ಬಳಕೆಯ ಗದ್ದಲದಲ್ಲಿ ಮೂಲಚಿಕಿತ್ಸೆ ಮರೆಯಾಗಿಲ್ಲವೆಂಬುದನ್ನೂ ಹೇಳಬೇಕು: ಕುತ್ತಿಗೆಯ ಸೆಡೆತ, ಪಾರ್ಶ್ವವಾಯುವಿನ ತರುವಾಯ ಬಿಗಿಯುವ ಕೈಕಾಲು, ಬರೆಯುವಾಗ ಕೈ ಸೆಟೆದುಕೊಳ್ಳುವ ವ್ಯಾಧಿ, ಬಹುಕಾಲದ ಅರೆತಲೆನೋವು, ಕಂಕುಳಿನ ಅತಿಬೆವರು ಮೊದಲಾದವುಗಳಿಗೆ ಇದು ಇಂದು ಮಾನ್ಯವಾದ ಔಷಧ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರರೋಗ ವಿಭಾಗದಲ್ಲಿ ಇಂಥ ರೋಗಿಗಳಿಗೆ ಈ ಚುಚ್ಚುಮದ್ದನ್ನು ಕೊಡುತ್ತ ಬಂದಿದ್ದಾರೆ.

ವಿಷ ಕೆಲಸ ಮಾಡುವ ಬಗೆಯನ್ನು ಸ್ಥೂಲವಾಗಿಯಾದರೂ ತಿಳಿದುಕೊಂಡರೆ ಅದರಿಂದ ಏನನ್ನು ನಿರೀಕ್ಷಿಸಬಹುದೆಂಬುದು ತಾನಾಗಿ ಸ್ಪಷ್ಟವಾಗುತ್ತದೆ. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಸೂಕ್ಷ್ಮವಾದ ಕೋಶಿಕೆಗಳಲ್ಲಿ ತುಂಬಿರುತ್ತದೆ. ಮಿದುಳಿನ ಆಜ್ಞೆ ಬಂದೊಡನೆ ಈ ಕೋಶಿಕೆಗಳು, ದಡಕ್ಕೆ ಹಗ್ಗ ಬಿಗಿದು ಎಳೆದ ದೋಣಿಗಳಂತೆ, ನರದ ಪೊರೆಗೆ ಬಂದು ತಾಗಿ ತಮ್ಮ ಸರಕನ್ನು ಇಳಿಸುತ್ತವೆ, ಸ್ನಾಯು ಸಂಕೋಚಗೊಳ್ಳುತ್ತದೆ. ಬೊಟುಲಿನಂ ವಿಷದ ಎ ಪ್ರಭೇದ ನರದೊಳಕ್ಕೆ ಪ್ರವೇಶಿಸಿ, ಹಗ್ಗದ ಕೆಲಸ ಮಾಡುವ ಸ್ನ್ಯಾಪ್-25 ಎಂಬ ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ನರ ಸಾಯುವುದಿಲ್ಲ, ಸ್ನಾಯುವೂ ಸಾಯುವುದಿಲ್ಲ. ಸಂದೇಶ ಮಾತ್ರ ತಲಪುವುದಿಲ್ಲ. ಕಾಲಕ್ರಮದಲ್ಲಿ ನರ ಹೊಸ ಕುಡಿಗಳನ್ನು ಚಿಗುರಿಸಿ, ಕಡೆಗೆ ತನ್ನ ಮೊದಲಿನ ಸಂಧಿಯನ್ನೇ ದುರಸ್ತು ಮಾಡಿಕೊಳ್ಳುತ್ತದೆ. ತತ್ಕಾರಣದಿಂದಲೇ ಚುಚ್ಚಿದ ಕ್ಷಣದಲ್ಲಿ ಯಾವ ವ್ಯತ್ಯಾಸವೂ ಕಾಣದೆ, ಒಂದೆರಡು ದಿನಗಳ ಮೇಲೆ ಪರಿಣಾಮ ಕಾಣತೊಡಗಿ, ಸುಮಾರು ಎರಡು ವಾರಗಳಿಗೆ ಪೂರ್ಣವಾಗಿ, ಮೂರು ನಾಲ್ಕು ತಿಂಗಳಲ್ಲಿ ಇಳಿದುಹೋಗುತ್ತದೆ. ಮಗಳ ಮದುವೆಯ ಆರತಕ್ಷತೆಗೆ ಮೂರು ದಿನ ಉಳಿದಿರುವಾಗ ಕ್ಲಿನಿಕ್ಕಿಗೆ ಓಡುವ ತಾಯಂದಿರು ಈ ಲೆಕ್ಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಸಮಾರಂಭಕ್ಕೆ ಕನಿಷ್ಠಪಕ್ಷ ಒಂದು ತಿಂಗಳ ಮುಂಚೆ ಮಾಡಿಸಿಕೊಂಡರೆ ಪರಿಣಾಮ ನೆಲೆಗೊಳ್ಳುವುದಕ್ಕೂ, ಏನಾದರೂ ಓರೆಕೋರೆಯಾದರೆ ತಿದ್ದುವುದಕ್ಕೂ ಅವಕಾಶವಿರುತ್ತದೆ.

ಇದೇ ವಿವರಣೆಯಿಂದ, ಯಾವ ಸುಕ್ಕಿಗೆ ಇದು ಔಷಧ, ಯಾವುದಕ್ಕೆ ಅಲ್ಲ ಎಂಬ ವಿವೇಕವೂ ಹುಟ್ಟುತ್ತದೆ. ಹುಬ್ಬು ಗಂಟಿಕ್ಕಿದಾಗ, ನಕ್ಕಾಗ, ಅಚ್ಚರಿಯಿಂದ ಹುಬ್ಬೇರಿಸಿದಾಗ ಮೂಡಿ, ಮುಖ ಸುಮ್ಮನಾದಾಗ ಮಾಯವಾಗುವ ಚಲನಜನ್ಯ ಗೆರೆಗಳು ಇದಕ್ಕೆ ಚೆನ್ನಾಗಿ ಬಗ್ಗುತ್ತವೆ. ಮುಖ ನಿಶ್ಚಲವಾಗಿದ್ದಾಗಲೂ ಅಚ್ಚೊತ್ತಿದಂತೆ ನಿಂತಿರುವ ಗೆರೆಗಳು ಭಾಗಶಃ ಮಾತ್ರ ತಿಳಿಯಾಗುತ್ತವೆ. ಬಿಸಿಲು, ವಯಸ್ಸು, ಧೂಮಪಾನಗಳಿಂದ ಚರ್ಮದ ಬಿಗಿ ತಪ್ಪಿ ಜೋತುಬಿದ್ದ ಕೆನ್ನೆಗೂ, ಮೂಗಿನಿಂದ ಬಾಯಿಯ ಕೊನೆಗೆ ಇಳಿಯುವ ಮಡಿಕೆಗೂ ಇದರಿಂದ ಪ್ರಯೋಜನ ಕಡಮೆ. ನಮ್ಮ ಕಡೆಯ ಚರ್ಮದಲ್ಲಿ ವರ್ಣದ್ರವ್ಯ ಸಮೃದ್ಧವಾಗಿರುವುದರಿಂದ ಬಿಸಿಲಿನ ಸುಕ್ಕು ಬಿಳಿಯರಿಗಿಂತ ತಡವಾಗಿ ಬರುತ್ತದೆ. ಅದರ ಬದಲು ಬಂಗು ಮತ್ತು ಕಪ್ಪು ಕಲೆಗಳ ಬಾಧೆ ಹೆಚ್ಚು. ಬಂಗಿಗೆ ಈ ಚುಚ್ಚುಮದ್ದಿನಿಂದ ಎಳ್ಳಷ್ಟೂ ಫಲವಿಲ್ಲವೆಂಬುದನ್ನು ಹಣ ಕಟ್ಟುವ ಮುಂಚೆಯೇ ತಿಳಿಯುವುದು ಲೇಸು. ಫಿಲ್ಲರ್ ಎಂದು ಕರೆಯುವ ಇನ್ನೊಂದು ಚಿಕಿತ್ಸೆಯೊಡನೆ ಇದನ್ನು ಬೆರೆಸಿಕೊಳ್ಳುವವರೂ ಉಂಟು. ಫಿಲ್ಲರು ಹೈಯಲುರಾನಿಕ್ ಆಮ್ಲದಂಥ ಲೋಳೆಯನ್ನು ಚರ್ಮದ ಅಡಿಯಲ್ಲಿ ತುಂಬಿ ತಗ್ಗನ್ನು ಮೇಲೆತ್ತುವ ಕ್ರಮ. ಅದು ತಪ್ಪಿ ರಕ್ತನಾಳದೊಳಕ್ಕೆ ಹೋದರೆ ಚರ್ಮ ಸತ್ತುಹೋಗುವ, ಅಪರೂಪವಾಗಿ ಕಣ್ಣೇ ಹೋಗುವ ಅಪಾಯವುಂಟು. ಆ ಲೋಳೆಯನ್ನು ಕರಗಿಸುವ ಕಿಣ್ವವಿದೆ. ಬೊಟುಲಿನಂ ಒಮ್ಮೆ ನರವನ್ನು ಹೊಕ್ಕ ಮೇಲೆ ಅದನ್ನು ಹಿಂದಕ್ಕೆ ತೆಗೆಯುವ ಉಪಾಯವಿಲ್ಲ, ಕಾಲ ಕಳೆಯುವುದನ್ನು ಕಾಯಬೇಕು.

ಚುಚ್ಚಿಸಿಕೊಳ್ಳುವವರ ದೇಹಸ್ಥಿತಿಯ ವಿಚಾರಣೆ ಈ ಚಿಕಿತ್ಸೆಯ ಪ್ರಥಮ ಭಾಗ. ಮಯಸ್ತೇನಿಯಾ ಗ್ರೇವಿಸ್, ಲ್ಯಾಂಬರ್ಟ್-ಈಟನ್ ಮುಂತಾದ, ನರಸ್ನಾಯುಗಳ ಸಂಧಿಯೇ ಮೊದಲೇ ದುರ್ಬಲವಾಗಿರುವ ರೋಗಗಳಲ್ಲಿ, ಇತರರಿಗೆ ನಿರುಪದ್ರವಿಯಾದ ಪ್ರಮಾಣವೂ ನುಂಗುವುದನ್ನೂ ಉಸಿರಾಟವನ್ನೂ ಕೆಡಿಸಬಹುದು. ಚುಚ್ಚುವ ಜಾಗದಲ್ಲಿ ಸೋಂಕು, ಕೀವುಗುಳ್ಳೆಗಳಿದ್ದರೆ ಮುಂದೂಡಬೇಕು. ಗರ್ಭಿಣಿಯರಲ್ಲಿಯೂ ಎಳೆಗೂಸಿಗೆ ಹಾಲೂಡುವವರಲ್ಲಿಯೂ ಇದರ ಸುರಕ್ಷತೆ ಸಿದ್ಧವಾಗಿಲ್ಲವಾದ್ದರಿಂದ, ಕೇವಲ ಅಂದಕ್ಕಾಗಿ ಮಾಡಿಸುವ ಈ ಕೆಲಸವನ್ನು ಆ ಕಾಲದಲ್ಲಿ ಕೈಬಿಡುವುದೇ ವೈದ್ಯರ ವಾಡಿಕೆ. ಜೆಂಟಮೈಸಿನ್, ಸ್ಟ್ರೆಪ್ಟೊಮೈಸಿನ್ ವರ್ಗದ ಪ್ರತಿಜೈವಿಕಗಳು, ಸ್ನಾಯು ಸಡಿಲಿಸುವ ಮಾತ್ರೆಗಳು ವಿಷದ ಬಲವನ್ನು ಹೆಚ್ಚಿಸಬಲ್ಲವು. ತಲೆನೋವಿಗೋ ಮತ್ತೊಂದಕ್ಕೋ ಈಚಿನ ತಿಂಗಳುಗಳಲ್ಲಿ ಇದೇ ಚುಚ್ಚುಮದ್ದನ್ನು ತೆಗೆದುಕೊಂಡಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು. ಡಿಸ್ಪೋರ್ಟಿನಲ್ಲಿ ಹಸುವಿನ ಹಾಲಿನ ಪ್ರೋಟೀನಿನ ಲೇಶವಿರಬಹುದಾದ್ದರಿಂದ ಅದರ ಅಲರ್ಜಿಯುಳ್ಳವರಿಗೆ ಅದು ನಿಷಿದ್ಧ. ಆಸ್ಪಿರಿನ್, ನೋವಿನ ಮಾತ್ರೆಗಳು, ಮೀನೆಣ್ಣೆಯ ಗುಳಿಗೆಗಳು ಚುಚ್ಚಿದೆಡೆಯಲ್ಲಿ ರಕ್ತ ಒಸರಿ ನೀಲಿಗಟ್ಟುವುದನ್ನು ಹೆಚ್ಚಿಸುತ್ತವೆ. ಹಾಗೆಂದು ಹೃದ್ರೋಗಕ್ಕಾಗಿ ವೈದ್ಯರು ಬರೆದುಕೊಟ್ಟ ರಕ್ತ ತೆಳುಮಾಡುವ ಔಷಧವನ್ನು, ಮುಖದ ಮೇಲಿನ ನಾಲ್ಕು ದಿನದ ಕಲೆಗೆ ಅಂಜಿ, ತಾವೇ ನಿಲ್ಲಿಸುವುದು ಶುದ್ಧ ಅವಿವೇಕ.

ಒಂದು ಸಂಗತಿ ಮಾತ್ರ ಅನುಭವಿಗಳಲ್ಲದ ವೈದ್ಯರ ಕಣ್ಣಿಗೂ ತಪ್ಪಿಹೋಗುವಂಥದು. ವಯಸ್ಸಾದವರಲ್ಲಿ ಅನೇಕರ ರೆಪ್ಪೆಗಳು ಮೆಲ್ಲಮೆಲ್ಲನೆ ಇಳಿದಿರುತ್ತವೆ; ಅವರು ತಮಗೇ ಅರಿವಿಲ್ಲದಂತೆ ಹಣೆಯ ಸ್ನಾಯುವನ್ನು ಸದಾ ಬಿಗಿಹಿಡಿದು, ಹುಬ್ಬನ್ನು ಮೇಲೆತ್ತಿ, ಕಣ್ಣು ತೆರೆದುಕೊಂಡಿರುತ್ತಾರೆ. ಹಣೆಯ ಅಡ್ಡಗೆರೆಗಳು ಆ ಪರಿಶ್ರಮದ ಗುರುತು. ಅಂಥವರ ಹಣೆಗೆ ಚುಚ್ಚಿದರೆ ಗೆರೆಯೇನೋ ಹೋಗುತ್ತದೆ, ಜತೆಗೆ ಹುಬ್ಬು ಕಣ್ಣಿನ ಮೇಲೆ ಕುಸಿದು ನೋಟವೇ ಭಾರವಾಗುತ್ತದೆ. ಕನ್ನಡಿಯ ಮುಂದೆ ಕುಳಿತು ಕಣ್ಣು ಮುಚ್ಚಿ, ಹಣೆಯನ್ನು ಪೂರ್ತಿ ಸಡಿಲಬಿಟ್ಟು, ಹುಬ್ಬನ್ನು ಬೆರಳಿನಿಂದ ಅಲುಗದಂತೆ ಹಿಡಿದು ಕಣ್ಣು ತೆರೆದು ನೋಡಿದರೆ, ರೆಪ್ಪೆ ತನ್ನ ಬಲದಿಂದಲೇ ಎಷ್ಟು ಏಳುತ್ತದೆಂಬುದು ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ಮಾಡದೆ ಅರವತ್ತು ದಾಟಿದವರ ಹಣೆಗೆ ಸೂಜಿ ಹಿಡಿಯುವವನ ಕೈಗೆ ಮುಖವನ್ನು ಒಪ್ಪಿಸದಿರುವುದು ಮೇಲು.

ಇನ್ನು ಔಷಧದ ಸೀಸೆಯ ವಿಚಾರ. ವಿಷವನ್ನು ಯೂನಿಟ್ ಎಂಬ ಮಾನದಿಂದ ಅಳೆಯುತ್ತಾರೆ. ಪ್ರಯೋಗಶಾಲೆಯ ಇಲಿಗಳ ಉದರದೊಳಕ್ಕೆ ಚುಚ್ಚಿದಾಗ ಅವುಗಳಲ್ಲಿ ಅರ್ಧದಷ್ಟನ್ನು ಕೊಲ್ಲುವ ಪ್ರಮಾಣವೇ ಮೂಲತಃ ಒಂದು ಯೂನಿಟ್. ಅಹಿಂಸೆಯ ದೃಷ್ಟಿಯಿಂದ ಈ ಪ್ರಶ್ನೆಯನ್ನು ಎತ್ತುವವರಿಗೆ ತಿಳಿಸಬೇಕಾದದ್ದೆಂದರೆ, ಬೊಟಾಕ್ಸಿನ ತಯಾರಕರು ಇಲಿಗಳಿಗೆ ಬದಲಾಗಿ ಜೀವಕೋಶಗಳಲ್ಲಿ ನಡೆಸುವ ಪರೀಕ್ಷೆಯೊಂದಕ್ಕೆ 2011ರಲ್ಲಿ ಅಮೆರಿಕದ ಅನುಮತಿ ಪಡೆದರು. ಆದರೆ ಆ ಔಷಧದಲ್ಲಿ ಮನುಷ್ಯರಕ್ತದಿಂದ ತೆಗೆದ ಆಲ್ಬುಮಿನ್ ಇಂದಿಗೂ ಉಂಟು. ಒಂದು ತಯಾರಿಕೆಯ ಯೂನಿಟ್ಟಿಗೂ ಇನ್ನೊಂದರ ಯೂನಿಟ್ಟಿಗೂ ಸಮಾನತೆಯಿಲ್ಲ. ಹುಬ್ಬಿನ ನಡುವಣ ಗೆರೆಗೆ ಬೊಟಾಕ್ಸಿನಲ್ಲಿ ನಿಗದಿಯಾದ ಪ್ರಮಾಣ 20 ಯೂನಿಟ್, ಡಿಸ್ಪೋರ್ಟಿನಲ್ಲಿ 50; ಹೀಗಿರಲಾಗಿ ಯೂನಿಟ್ಟಿಗೆ ಇಂತಿಷ್ಟು ರೂಪಾಯಿ ಎಂಬ ಫಲಕವನ್ನು ಮಾತ್ರ ನೋಡಿ ಅಗ್ಗವೆಂದು ತೀರ್ಮಾನಿಸುವುದು ಸೇರು ಯಾವುದೆಂದು ಕೇಳದೆ ಅಕ್ಕಿ ಕೊಂಡ ವ್ಯಾಪಾರವಾದೀತು. ಕಣ್ಣಂಚಿನ ಗೆರೆಗಳಿಗೆ ಬೊಟಾಕ್ಸಿನ ನಿಗದಿ ಎರಡು ಪಾರ್ಶ್ವಕ್ಕೂ ಸೇರಿ 24, ಹಣೆಗೆ 20. ಸ್ನಾಯು ದಪ್ಪವಾಗಿರುವ ಗಂಡಸರಿಗೆ ವೈದ್ಯರು ಕೆಲವೊಮ್ಮೆ ಹೆಚ್ಚಿಸುತ್ತಾರೆ.

ಸೀಸೆಯನ್ನು ತೆರೆಯುವುದನ್ನು ಎದುರಿಗೇ ನೋಡಬೇಕೆಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ. ಹೆಬ್ಬೆರಳಿನಷ್ಟು ಗಾತ್ರದ ಗಾಜಿನ ಸೀಸೆ. ಒಳಗಿರುವ ಪುಡಿ ಎಷ್ಟು ಅಲ್ಪವೆಂದರೆ, ತಳದಲ್ಲಿ ಹಬೆ ಆರಿದ ಗುರುತಿನಂತೆ ಕಂಡರೆ ಕಂಡಿತು, ಇಲ್ಲವಾದರೆ ಬರಿದೆಂದೇ ಭ್ರಮೆ ಹುಟ್ಟುತ್ತದೆ. ಬೊಟಾಕ್ಸಿನ ಸೀಸೆಯೊಳಗೆ ನಿರ್ವಾತವಿರುವುದರಿಂದ, ಲವಣಜಲ ತುಂಬಿದ ಸಿರಿಂಜಿನ ಸೂಜಿ ರಬ್ಬರಿನ ಬಿರಡೆಯನ್ನು ತೂರಿದೊಡನೆ ನೀರು ತಾನಾಗಿ ಒಳಕ್ಕೆ ಸೆಳೆಯಲ್ಪಡುತ್ತದೆ. ಸೆಳೆಯದಿದ್ದಲ್ಲಿ ಆ ಸೀಸೆಯನ್ನು ಬಿಸಾಡತಕ್ಕದ್ದೆಂದು ತಯಾರಕರೇ ವಿಧಿಸಿದ್ದಾರೆ. ನೂರು ಯೂನಿಟ್ಟಿನ ಸೀಸೆಗೆ ಎರಡೂವರೆ ಮಿಲಿಲೀಟರ್ ಲವಣಜಲ ಬೆರೆಸಿದರೆ ಪ್ರತಿ ಚುಚ್ಚಿಗೆ ಮಿಲಿಲೀಟರಿನ ಹತ್ತರಲ್ಲೊಂದು ಭಾಗದಲ್ಲಿ ನಾಲ್ಕು ಯೂನಿಟ್ ಬರುತ್ತದೆ. ಹೆಚ್ಚು ನೀರು ಬೆರೆಸಿದ್ದನ್ನು ಕಣ್ಣಿನಿಂದ ಕಂಡುಹಿಡಿಯುವುದು ಅಸಾಧ್ಯ. ಎರಡೇ ತಿಂಗಳಿಗೆ ಗೆರೆ ಮರಳಿ ಬಂದಾಗ ಆ ಸಂದೇಹಕ್ಕೆ ಎಡೆಯಾಗುತ್ತದೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು, ಬೆರೆಸಿದ ಮೇಲೆ ಅದೇ ಶೈತ್ಯದಲ್ಲಿಟ್ಟು 24 ಗಂಟೆಗಳೊಳಗೆ ಬಳಸಬೇಕು ಎಂಬುದು ಬೊಟಾಕ್ಸಿನ ಲಿಖಿತ ನಿಯಮ. ಕೈಚೀಲದಲ್ಲಿ ಸೀಸೆ ಹಿಡಿದು ಮನೆಮನೆಗೆ ಬಂದು ಚುಚ್ಚುವವರ ಚೀಲದಲ್ಲಿ ಆ ಶೈತ್ಯ ಎಲ್ಲಿಂದ ಬರಬೇಕು?

ಖೋಟಾ ಔಷಧದ ಭಯ ಕಲ್ಪಿತವಾದದ್ದಲ್ಲ. 2004ರ ನವೆಂಬರಿನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ, ಪ್ರಯೋಗಶಾಲೆಯ ಸಂಶೋಧನೆಗಾಗಿ ಮಾತ್ರ ಮಾರತಕ್ಕ ವಿಷವನ್ನು ತರಿಸಿ ಸುಕ್ಕಿಗೆ ಚುಚ್ಚಿದ ಪರಿಣಾಮವಾಗಿ, ಚುಚ್ಚಿದ ವೈದ್ಯನೂ ಸೇರಿ ನಾಲ್ವರು ಸರ್ವಾಂಗ ಸ್ತಂಭಿಸಿ, ಕೃತಕ ಉಸಿರಾಟದ ಯಂತ್ರದ ಆಶ್ರಯದಲ್ಲಿ ಬಹುಕಾಲ ಮಲಗಬೇಕಾಯಿತು. 2024ರ ಏಪ್ರಿಲಿನಲ್ಲಿ ಆ ದೇಶದ ಆರೋಗ್ಯಾಧಿಕಾರಿಗಳು, 11 ರಾಜ್ಯಗಳಲ್ಲಿ 22 ಮಂದಿ ಖೋಟಾ ಔಷಧದಿಂದಲೋ ಅಯೋಗ್ಯ ಹಸ್ತಗಳಿಂದಲೋ ಬಾಧಿತರಾದುದನ್ನು ಪ್ರಕಟಿಸಿದರು. ಮನೆಗಳಲ್ಲಿ, ಸ್ಪಾಗಳಲ್ಲಿ ಚುಚ್ಚಿಸಿಕೊಂಡವರು ಅವರಲ್ಲಿ ಅನೇಕರಿದ್ದರು. ಆದಕಾರಣ ಸೀಸೆಯ ಮೇಲಿನ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿಯ ದಿನಾಂಕಗಳನ್ನು ಓದಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳುವುದು ಯುಕ್ತ. ಯೋಗ್ಯನಾದ ವೈದ್ಯ ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಯೋಗ್ಯನಾದ ವೈದ್ಯ ಯಾರು? ಚರ್ಮರೋಗಶಾಸ್ತ್ರದಲ್ಲಿ ಎಂ.ಡಿ. ಅಥವಾ ತತ್ಸಮಾನ ಪದವಿಯನ್ನೋ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪದವಿಯನ್ನೋ ಪಡೆದು, ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿತರಾಗಿ, ಈ ಕೆಲಸದಲ್ಲಿ ಪಳಗಿದವರು. ವಾರಾಂತ್ಯದ ತರಬೇತಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ ಮಾತ್ರದಿಂದ ಮುಖದ ಅಂಗರಚನೆ ಕೈವಶವಾಗುವುದಿಲ್ಲ. ಭಾರತದಲ್ಲಿ ಈ ವಸ್ತು 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆಯ ದೃಷ್ಟಿಯಲ್ಲಿ ಔಷಧವೇ ಹೊರತು ಸೌಂದರ್ಯವರ್ಧಕವಲ್ಲ. ಕರ್ನಾಟಕದಲ್ಲಿ ಖಾಸಗಿ ಚಿಕಿತ್ಸಾಲಯಗಳೆಲ್ಲವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಂತೆ ನೋಂದಣಿಯಾಗಿರಬೇಕು, ಶುಲ್ಕದ ಪಟ್ಟಿಯನ್ನು ಎದ್ದು ಕಾಣುವಂತೆ ಹಾಕಿರಬೇಕು. ಪಾರ್ಲರಿನ ಒಳಕೋಣೆಗೆ ಇಂಥ ನೋಂದಣಿ ಇರುವುದಿಲ್ಲ. ಅಂದಕ್ಕಾಗಿ ಮಾಡಿಸುವ ಚಿಕಿತ್ಸೆಗೆ ಆರೋಗ್ಯವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲವೆಂಬುದನ್ನೂ ನೆನಪಿಡಬೇಕು. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರಿನಿಂದ, ಹದಿನೆಂಟು ತುಂಬದವರಿಗೆ ಅಂದಕ್ಕಾಗಿ ಇದನ್ನು ಚುಚ್ಚುವುದು ಅಪರಾಧ.

ಚುಚ್ಚುವ ಕ್ರಿಯೆ ಹತ್ತು ಹದಿನೈದು ನಿಮಿಷಗಳ ಕೆಲಸ. ವೈದ್ಯರು ಮೊದಲು ಮುಖದ ಚಿತ್ರಗಳನ್ನು ತೆಗೆದುಕೊಂಡು, ಹುಬ್ಬು ಗಂಟಿಕ್ಕಿರಿ, ಗಟ್ಟಿಯಾಗಿ ಕಣ್ಣು ಮುಚ್ಚಿರಿ, ನಗಿರಿ ಎಂದು ಹೇಳಿ, ಸ್ನಾಯುಗಳು ಎದ್ದುನಿಲ್ಲುವ ಸ್ಥಾನಗಳನ್ನು ಪೆನ್ಸಿಲಿನಿಂದ ಗುರುತಿಸುತ್ತಾರೆ. ಹುಬ್ಬಿನ ನಡುವಣ ಗೆರೆಗೆ ಐದು ಚುಚ್ಚು: ಮೂಗಿನ ಬುಡದ ಮೇಲಣ ಸಣ್ಣ ಸ್ನಾಯುವಿಗೆ ಒಂದು, ಹುಬ್ಬುಗಳನ್ನು ಒತ್ತಟ್ಟಿಗೆ ಎಳೆಯುವ ಜೋಡಿ ಸ್ನಾಯುಗಳಿಗೆ ಎರಡೆರಡು. ಹೊರಗಡೆಯ ಚುಚ್ಚು ಕಣ್ಣಿನ ಗೂಡಿನ ಎಲುಬಂಚಿಗಿಂತ ಒಂದು ಸೆಂಟಿಮೀಟರಾದರೂ ಮೇಲಿರಬೇಕು. ಕೆಳಕ್ಕೆ ಸರಿದರೆ ವಿಷ ಒಳಕ್ಕೆ ಹಬ್ಬಿ, ರೆಪ್ಪೆಯನ್ನು ಎತ್ತುವ ಸ್ನಾಯುವನ್ನು ತಾಗುತ್ತದೆ. ನೋವು ಇರುವೆ ಕಚ್ಚಿದಷ್ಟು. ಅನಂತರ ನಾಲ್ಕು ಗಂಟೆಗಳ ಕಾಲ ಮಲಗಬಾರದು, ಚುಚ್ಚಿದೆಡೆಯನ್ನು ತಿಕ್ಕಬಾರದು, ಅಂದು ವ್ಯಾಯಾಮ ಮಾಡಬಾರದು ಎಂಬ ಸೂಚನೆಗಳನ್ನು ಕೊಡುತ್ತಾರೆ. ಇವುಗಳಲ್ಲಿ ಕೆಲವಕ್ಕೆ ಪ್ರಮಾಣಸಿದ್ಧವಾದ ಆಧಾರ ಸಾಲದಾದರೂ ಪಾಲಿಸುವುದರಿಂದ ನಷ್ಟವೇನೂ ಇಲ್ಲ.

ಉಪದ್ರವಗಳಲ್ಲಿ ಬಹುಭಾಗ ಅಲ್ಪಕಾಲಿಕ. ತಲೆನೋವು, ಸಣ್ಣ ಊತ, ನೀಲಿಗಟ್ಟಿದ ಕಲೆ ಕೆಲವು ದಿನಗಳಲ್ಲಿ ಹೋಗುತ್ತವೆ. ರೆಪ್ಪೆ ಜೋತುಬೀಳುವುದು, ಬೊಟಾಕ್ಸಿನ ಅಂಗೀಕಾರಕ್ಕಾಗಿ ನಡೆದ ಪರೀಕ್ಷೆಗಳಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಕಂಡುಬಂದದ್ದು. ಇದು ಚುಚ್ಚಿದ ಮೊದಲ ಎರಡು ವಾರಗಳಲ್ಲಿ ತಲೆದೋರಿ ಕೆಲವು ವಾರಗಳಲ್ಲಿ ಸರಿಹೋಗುತ್ತದೆ, ಅಷ್ಟರೊಳಗೆ ವೈದ್ಯರು ಕೊಡುವ ಅಪ್ರಾಕ್ಲೊನಿಡಿನ್ ಹನಿಗಳಿಂದ ರೆಪ್ಪೆ ಒಂದೆರಡು ಮಿಲಿಮೀಟರು ಮೇಲೇಳುತ್ತದೆ. ಹಣೆಯ ನಡುಭಾಗ ಮಾತ್ರ ಸ್ತಬ್ಧವಾಗಿ ಅಂಚು ಬಿಟ್ಟುಹೋದರೆ ಹುಬ್ಬಿನ ಹೊರತುದಿ ಮೇಲಕ್ಕೆ ಚಿಮ್ಮಿ, ನಾಟಕದ ಖಳನಾಯಕನ ಬಣ್ಣದಂತೆ ಕಾಣುತ್ತದೆ. ಒಂದೆರಡು ಯೂನಿಟ್ ಅಲ್ಲಿಗೂ ಹಾಕಿ ಅದನ್ನು ಇಳಿಸುತ್ತಾರೆ. ಮೇಲಿಂದ ಮೇಲೆ, ಮೂರು ತಿಂಗಳೊಳಗೇ ಚುಚ್ಚಿಸಿಕೊಳ್ಳುತ್ತಿದ್ದರೆ ದೇಹ ಪ್ರತಿಕಾಯಗಳನ್ನು ಬೆಳೆಸಿ ಔಷಧ ನಾಟದೆ ಹೋಗುವ ಸಂಭವವುಂಟು. ಬಿಟ್ಟರೆ ಸುಕ್ಕು ಇಮ್ಮಡಿಯಾಗಿ ಮರಳುತ್ತದೆಂಬ ಜನವದಂತಿಗೆ ಆಧಾರವಿಲ್ಲ. ಗೆರೆಗಳು ಯಥಾಪೂರ್ವಕ್ಕೆ ಬರುತ್ತವೆ, ಅಷ್ಟೆ.

ಮುಖವೇ ಉಪಕರಣವಾಗಿರುವ ವೃತ್ತಿಗಳವರು ಇನ್ನೊಂದನ್ನು ವಿಚಾರಮಾಡಬೇಕು. ಭರತನ ನಾಟ್ಯಶಾಸ್ತ್ರ ಹುಬ್ಬಿನ ಚಲನೆಗಳನ್ನೇ ಉತ್ಕ್ಷೇಪ, ಪಾತನ, ಭ್ರುಕುಟಿ, ಚತುರ, ಕುಂಚಿತ, ರೇಚಿತ, ಸಹಜ ಎಂದು ಏಳಾಗಿ ವಿಭಾಗಿಸುತ್ತದೆ. ಪೂರ್ಣಪ್ರಮಾಣದಲ್ಲಿ ಚುಚ್ಚಿಸಿಕೊಂಡ ನರ್ತಕಿಗೆ ಸಹಜವೊಂದನ್ನು ಬಿಟ್ಟು ಉಳಿದ ಆರರಲ್ಲಿ ಬಹುಪಾಲು ಕೆಲವು ತಿಂಗಳ ಮಟ್ಟಿಗೆ ಕೈತಪ್ಪಿಹೋಗುತ್ತವೆ. ರೌದ್ರಕ್ಕೆ ಬೇಕಾದ ಭ್ರುಕುಟಿಯಂತೂ ಮೊದಲು ಹೋಗುವಂಥದು. ರಂಗದ ಮೇಲೆ ನಿಲ್ಲುವವರು ಇದನ್ನು ವೈದ್ಯರಿಗೆ ಹೇಳಿ ಅಲ್ಪಪ್ರಮಾಣದಲ್ಲಿ ಮಾಡಿಸಿಕೊಳ್ಳಬೇಕು, ಅಥವಾ ಸುಮ್ಮನಿರಬೇಕು. ಇತರರ ಕಣ್ಣಿಗೆ ಬೀಳದ ಗೆರೆಯೊಂದನ್ನೇ ಹಗಲಿರುಳು ಕನ್ನಡಿಯಲ್ಲಿ ಹುಡುಕುತ್ತ, ಅದರಿಂದಲೇ ತಮ್ಮ ಬಾಳು ಕೆಟ್ಟಿತೆಂದು ನಂಬಿದವರಿಗೆ ಸೂಜಿಯಿಂದ ಸಮಾಧಾನ ದೊರೆಯದು. ಅಂಥವರನ್ನು ಮನೋವೈದ್ಯರ ಬಳಿಗೆ ಕಳುಹಿಸುವುದು ಚರ್ಮವೈದ್ಯನ ಧರ್ಮ.

ಗಂಭೀರವಾದ ಅಪಾಯವೊಂದು ಉಳಿದಿದೆ. ವಿಷ ಚುಚ್ಚಿದ ಸ್ಥಾನವನ್ನು ಬಿಟ್ಟು ದೂರಕ್ಕೆ ಹಬ್ಬಿ, ಗಂಟೆಗಳ ಅಥವಾ ವಾರಗಳ ತರುವಾಯ ದೇಹದ ಬೇರೆಡೆ ದೌರ್ಬಲ್ಯವನ್ನು ತರಬಹುದೆಂಬ ಎಚ್ಚರಿಕೆಯನ್ನು ಈ ವರ್ಗದ ಔಷಧಗಳೆಲ್ಲದರ ಮೇಲೂ ಚೌಕಟ್ಟಿನಲ್ಲಿ ಅಚ್ಚುಹಾಕಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರಲ್ಲಿ ವಿಧಿಸಿತು. ಅಂಗೀಕೃತ ಔಷಧವನ್ನು ಮುಖದ ಸುಕ್ಕಿಗೆ ನಿಗದಿಯಾದ ಪ್ರಮಾಣದಲ್ಲಿ ಕೊಟ್ಟಾಗ ಇದು ಅತ್ಯಂತ ವಿರಳ. ಖೋಟಾ ಔಷಧದಲ್ಲಿಯೂ ಮಿತಿಮೀರಿದ ಪ್ರಮಾಣದಲ್ಲಿಯೂ ವಿರಳವಲ್ಲ. ಆದ್ದರಿಂದ ಔಷಧದ ಹೆಸರು, ಬ್ಯಾಚ್ ಸಂಖ್ಯೆ, ಎಲ್ಲೆಲ್ಲಿ ಎಷ್ಟೆಷ್ಟು ಯೂನಿಟ್, ಯಾವ ದಿನ ಎಂಬುದನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡು ಮನೆಯಲ್ಲಿಟ್ಟುಕೊಳ್ಳಿರಿ. ನುಂಗುವುದು ಕಷ್ಟವಾದರೆ, ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಉಸಿರಾಟಕ್ಕೆ ತೊಡಕಾದರೆ, ಚುಚ್ಚಿದವರ ಫೋನಿಗೆ ಕಾಯುತ್ತ ಕೂರದೆ, 108ಕ್ಕೆ ಕರೆಮಾಡಿ, ಆ ಚೀಟಿಯೊಡನೆ ತುರ್ತು ಚಿಕಿತ್ಸಾ ವಿಭಾಗವುಳ್ಳ ದೊಡ್ಡ ಆಸ್ಪತ್ರೆಗೆ ಹೋಗಿರಿ. ಪ್ರತಿವಿಷವು ರಕ್ತದಲ್ಲಿರುವ ವಿಷವನ್ನು ಮಾತ್ರ ಹಿಡಿಯಬಲ್ಲದು, ನರವನ್ನು ಆಗಲೇ ಹೊಕ್ಕಿರುವುದನ್ನು ಹಿಡಿಯಲಾರದು.